ಬೇಳೆ ಬೇಯದ ಮನೆ

ನಾನು ವಿಚಾರವಂತ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವನು ನಾನೇ. ತಿಕೋಟಾದ ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಹೊಲ ನೋಡಿಕೊಂಡ. ನಾನು ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ವಿಜಾಪುರದ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರನಾದೆ. ತಲೆಯ ಮೇಲೆ ಕರೀ ಟೊಪ್ಪಿಗೆ ಬಂತು, ಕೈಯಲ್ಲಿ ಕೊಡೆ ಬಂತು. ಇವೆರಡರ ಜೊತೆಗೆ, ಯಾವ ಸಂಗತಿಯನ್ನೇ ಆಗಲಿ ಕೂತು ಯೋಚಿಸಿ ತೀರ್ಮಾನ ಮಾಡಬಲ್ಲ ಬುದ್ಧಿಯೂ ತಾನಾಗಿಯೇ ಬಂದಿದೆ ಎಂದು ನಾನು ನಂಬಿಬಿಟ್ಟಿದ್ದೆ. ಅಣ್ಣ ಎತ್ತು ಕೊಳ್ಳುವಾಗ ಸುಮ್ಮನೆ ಅದರ ಬೆನ್ನು ತಟ್ಟಿ, ಬಾಯಿ ಬಿಡಿಸಿ ನೋಡಿ ಕೊಂಡು ಬರುತ್ತಿದ್ದ. ಅದನ್ನು ಕಂಡು ನನಗೆ ಕನಿಕರವಾಗುತ್ತಿತ್ತು. ಒಂದು ಕಾಗದ ಹಿಡಿದು ಗುಣದೋಷ ಬರೆದುಕೊಳ್ಳಬಾರದೇ ಎನಿಸುತ್ತಿತ್ತು. ಅಣ್ಣನ ಎತ್ತುಗಳು ಒಂದೂ ಕೆಟ್ಟು ಬರಲಿಲ್ಲ ಎಂಬುದು ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಮದುವೆಯಾದದ್ದು ಯುದ್ಧ ನಡೆದಿದ್ದ ಕಾಲದಲ್ಲಿ. ಹೆಂಡತಿ ಬಬಲೇಶ್ವರದವಳು. ಒಕ್ಕಲುತನದ ಮನೆ, ಮಾತು ಕಡಿಮೆ, ನಡಿಗೆ ಜೋರು. ಬೇಸಿಗೆ ಸೂಟಿ ಮುಗಿಯುವುದರೊಳಗೆ ವಿಜಾಪುರದಲ್ಲಿ ಬಾಡಿಗೆ ಮನೆ ಹಿಡಿದು ಆಕೆಯನ್ನು ಕರೆತರಬೇಕಾಗಿತ್ತು. ಅವ್ವ ಅಣ್ಣನ ಕೈಯಲ್ಲಿ ಹೇಳಿ ಕಳಿಸಿದಳು: "ಹುಡುಗೀನ್ನ ಒಮ್ಮೆ ಕರ್ಕೊಂಡು ಹೋಗಿ ತೋರ್ಸು. ಇರಾಕಿ ಆಕಿ." ನಾನು ನಕ್ಕೆ. ಮನೆ ಹಿಡಿಯುವುದು ಸೀರೆ ಆರಿಸಿದಂತಲ್ಲ, ಅದಕ್ಕೆ ವಿಚಾರ ಬೇಕು ಎಂದು ಅಣ್ಣನಿಗೆ ತಿಳಿಸಿ ಹೇಳಿದೆ. ಸೀರೆ ಆರಿಸುವುದಕ್ಕೂ ವಿಚಾರ ಬೇಕೆಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ, ಅದು ಬೇರೆ ಕತೆ.

ಒಂಬತ್ತು ಮನೆ ನೋಡಿದೆ. ಪ್ರತಿಯೊಂದರ ಬಗ್ಗೆ ಕಾಗದದಲ್ಲಿ ಬರೆದುಕೊಂಡೆ: ಗಾಳಿ, ಬೆಳಕು, ನೆರೆಹೊರೆ, ಸಾಲೆಯಿಂದ ದೂರ, ಓದಲು ಜಾಗ. ಒಂಬತ್ತನೆಯದು ನನ್ನ ಮನಸ್ಸನ್ನು ಹಿಡಿದುಬಿಟ್ಟಿತು. ಮಾಳಿಗೆಯ ಮೇಲೆ ಒಂದು ಕೋಣೆ, ಕೋಣೆಗೆ ಮೂಡಲ ಕಿಡಕಿ, ಕಿಡಕಿಯಲ್ಲಿ ನಿಂತರೆ ಗೋಳಗುಮ್ಮಟ ಇಡಿಯಾಗಿ ಕಾಣುತ್ತಿತ್ತು. ಕಿಡಕಿಯ ಕೆಳಗೆ ಗೋಡೆಯಲ್ಲೇ ಕಟ್ಟಿದ ಕಲ್ಲಿನ ಕೂರುಮಣೆ. ಅಲ್ಲಿ ಕೂತು ಪುಸ್ತಕ ಓದುವ ನನ್ನ ಚಿತ್ರವೇ ನನ್ನ ಕಣ್ಣ ಮುಂದೆ ಬಂತು, ಆ ಚಿತ್ರದಲ್ಲಿ ನಾನು ಸ್ವಲ್ಪ ಚೆಲುವನೂ ಆಗಿದ್ದೆ. ಹಿತ್ತಿಲಲ್ಲಿ ಮನೆಗೆಂದೇ ಒಂದು ಬಾವಿ. ಊರಿನಲ್ಲಿ ಹೆಂಗಸರು ಕೊಡ ಹೊತ್ತು ಓಣಿ ಓಣಿ ತಿರುಗುವಾಗ, ನನ್ನ ಹೆಂಡತಿ ಹೊಸ್ತಿಲು ದಾಟಬೇಕಾಗಿಲ್ಲ. ಮನೆಯ ಮಾಲಕರು ಗುಡಾಣದ ತಣ್ಣೀರಿನಲ್ಲಿ ಬೆಲ್ಲದ ಪಾನಕ ಮಾಡಿಸಿ ಕೊಟ್ಟರು. ಗಟಗಟ ಕುಡಿದು, ಅಲ್ಲೇ ನಿಂತು ಒಂದು ವರ್ಷದ ಮಾತು ಕೊಟ್ಟೆ. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಲಿಲ್ಲ. ನನ್ನ ಕಾಗದದಲ್ಲಿ 'ಬಾವಿ ಇದೆ' ಎಂದು ಬರೆದುಕೊಂಡಿದ್ದೆ, ಅಷ್ಟು ಸಾಕಾಗಿತ್ತು.

ಹೆಂಡತಿ ಬಂದ ದಿನ ಮನೆಯನ್ನೆಲ್ಲ ತೋರಿಸಿದೆ. ಮೊದಲು ಕಿಡಕಿ ತೋರಿಸಿದೆ. ಆಕೆ ಗುಮ್ಮಟ ನೋಡಿದಳು, ತಲೆಯಾಡಿಸಿದಳು, ಕೆಳಗಿಳಿದು ನೇರ ಹಿತ್ತಿಲಿಗೆ ಹೋದಳು. ಬಾವಿಯೊಳಗೆ ಬಗ್ಗಿ ನೋಡಿ ಕೇಳಿದಳು:

"ನೀರು ಸಿಹಿ ಅದಾವೇನ್ರಿ?"

"ಬಾವಿ ನೀರು ಬಾವಿ ನೀರ ಇರ್ತಾವ," ಅಂದೆ. "ಒಲೀ ಮುಂದಿಂದ ಹತ್ತ ಹೆಜ್ಜಿ. ಎಷ್ಟ ಮಂದೀಗಿ ಐತಿ ಈ ಸುಖ?"

ಆಕೆ ಒಂದು ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಉಳಿದ ನೀರನ್ನು ಕೈಕಾಲಿಗೆ ಸುರುವಿಕೊಂಡಳು.

ಆ ವಾರವೇ ಬೇಳೆಯ ಕತೆ ಸುರುವಾಯಿತು. ಮಧ್ಯಾಹ್ನ ಸಾಲೆಯಿಂದ ಬಂದು ಊಟಕ್ಕೆ ಕೂತೆ. ರೊಟ್ಟಿ ಚೆನ್ನಾಗಿತ್ತು. ಬೇಳೆಯ ಸಾರಿನಲ್ಲಿ ಬೇಳೆ ಬೇರೆ, ಸಾರು ಬೇರೆ ನಿಂತಿದ್ದವು. ಕಡಿದರೆ ಕಟಕಟ ಎನ್ನುತ್ತಿತ್ತು.

"ಮುಂಜಾನಿಂದ ಒಲೀ ಮ್ಯಾಲ ಐತ್ರಿ," ಅಂದಳು. "ನೀರು ಸವಳ ಅದಾವ. ಬ್ಯಾಳಿ ಬೇಯವಲ್ದು."

ಇಷ್ಟು ಸ್ಪಷ್ಟವಾಗಿ, ಮೊದಲ ದಿನವೇ, ಕಾರಣ ಹೇಳಿದವಳು ಆಕೆ. ಅದನ್ನು ಕೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ವಿಚಾರಕ್ಕೆ ಕೂತೆ. ಯುದ್ಧದ ಕಾಲ, ಸರಕಾರಿ ಅಂಗಡಿಯಲ್ಲಿ ಸರತಿ ನಿಂತು ತಂದ ಬೇಳೆ. ಯಾವ ಕಾಲದ್ದೋ, ಎಲ್ಲಿ ಕೊಳೆತದ್ದೋ. ದೋಷ ಬೇಳೆಯದು ಎಂದು ತೀರ್ಮಾನಿಸಿದೆ. ಆ ಭಾನುವಾರ ತಿಕೋಟಾಕ್ಕೆ ಹೋಗಿ ನಮ್ಮ ಹೊಲದ ತೊಗರಿಬೇಳೆಯನ್ನೇ ಗಂಟು ಕಟ್ಟಿಕೊಂಡು ಬಂದೆ. ಆಗಿನ ಮೋಟಾರುಗಳು ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಕಬ್ಬಿಣದ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ನಿಂತುಬಿಡುತ್ತಿದ್ದವು. ಎರಡು ಕಡೆ ಇಳಿದು ನೂಕಿ, ಮೈಯೆಲ್ಲ ಮಸಿ ಮಾಡಿಕೊಂಡು ಬೇಳೆ ತಂದೆ.

ನಮ್ಮ ಹೊಲದ ಬೇಳೆಯೂ ಬೇಯಲಿಲ್ಲ.

ಮುಂದೆ ಪಾತ್ರೆಯ ಮೇಲೆ ಸಂಶಯ ಹೋಯಿತು. ಮಾವನ ಮನೆಯಿಂದ ಬಂದದ್ದು ಜರ್ಮನ್ ಪಾತೇಲಿ, ಅಂದರೆ ಅಲ್ಯುಮಿನಿಯಮ್ಮಿನದು, ಹೊಸ ನಮೂನೆ, ಹಗುರ. ಅದರಲ್ಲಿ ಶಾಖ ನಿಲ್ಲುವುದಿಲ್ಲ ಎಂದು ವಿವರಿಸಿ ಕುಂಬಾರ ಓಣಿಯಿಂದ ಮಣ್ಣಿನ ಗಡಿಗೆ ತಂದೆ. ಆಮೇಲೆ ಉರುವಲಿನ ಮೇಲೆ ಸಂಶಯ. ಕುಳ್ಳು ಬಿಡಿಸಿ ಜಾಲಿಕಟ್ಟಿಗೆ ತರಿಸಿದೆ. ಇಷ್ಟಾದ ಮೇಲೆ ಸಂಶಯ ಪಡಲು ಉಳಿದದ್ದು ಅಡಿಗೆ ಮಾಡುವವಳು ಒಬ್ಬಳೇ. ನಾಲ್ಕನೇ ಇಯತ್ತೆಗೆ ನಾನು ಉಷ್ಣದ ಪಾಠ ಹೇಳುತ್ತಿದ್ದೆ. ಒಂದು ಸಂಜೆ ಅದನ್ನೇ ಒಲೆಯ ಮುಂದೆ ನಿಂತು ಹೇಳಿದೆ. ಮುಚ್ಚಳ ಯಾವಾಗ ಮುಚ್ಚಬೇಕು, ಉರಿ ಯಾವಾಗ ಸಣ್ಣ ಮಾಡಬೇಕು, ಎಷ್ಟು ಸಲ ತಿರುವಬೇಕು. ಆಕೆ ರೊಟ್ಟಿ ಬಡಿಯುತ್ತಾ ಕೇಳಿದಳು. ಒಮ್ಮೆ ಮಾತ್ರ ಕೈ ನಿಂತಿತು.

"ನೀರೂ ಅಷ್ಟ ನೋಡ್ರಿ," ಅಂದಳು.

"ನೀರಿನಾಗ ಏನೈತಿ? ಸ್ವಲ್ಪ ಉಪ್ಪಿನಂಶ ಇದ್ರ ಪಚನಕ್ಕ ಚಲೋ," ಅಂದೆ. ಹೀಗೆಂದು ಎಲ್ಲಿ ಓದಿದ್ದೆನೋ ನೆನಪಿಲ್ಲ. ಪ್ರಾಯಶಃ ಎಲ್ಲಿಯೂ ಓದಿರಲಿಲ್ಲ.

ಆಮೇಲೆ ಆಕೆ ನೀರಿನ ಮಾತು ತೆಗೆಯಲಿಲ್ಲ. ಶ್ರಾವಣ ಬಂತು. ಒಂದು ದಿನ ಊಟಕ್ಕೆ ಕೂತರೆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಮರುದಿನವೂ ಬೆಂದಿತ್ತು. ಆ ವಾರವೆಲ್ಲ ಬೆಂದಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡು, "ನೋಡಿದಿ?" ಎಂದೆ. ಆಕೆ "ಹೂಂ" ಎಂದಳು.

ಆಗ ನಾನು ಪಟ್ಟ ಸಂತೋಷವನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಸಾಲೆಯಲ್ಲಿ ಮಾಸ್ತರರ ಕೋಣೆಯಲ್ಲಿ ಬೇಳೆ ಬೇಯಿಸುವುದರ ಬಗ್ಗೆ ಮಾತಾಡಿದೆ. ಮಣ್ಣಿನ ಗಡಿಗೆ, ಜಾಲಿಕಟ್ಟಿಗೆ, ಸಣ್ಣ ಉರಿ. ಇಬ್ಬರು ಮಾಸ್ತರರು ನನ್ನ ಮಾತು ಕೇಳಿ ಕುಂಬಾರ ಓಣಿಗೆ ಹೋಗಿ ಗಡಿಗೆ ಕೊಂಡರು. ಹೊಸದಾಗಿ ಮದುವೆ ಗೊತ್ತಾದ ಒಬ್ಬನಿಗೆ, ಮನೆ ಹಿಡಿಯುವಾಗ ಏನೇನು ನೋಡಬೇಕೆಂದು ನನ್ನ ಕಾಗದ ತೋರಿಸಿ ತಿಳಿಸಿಕೊಟ್ಟೆ. ಸಂಸಾರದ ಸಂಗತಿಗಳಲ್ಲಿ ನನ್ನ ಅಭಿಪ್ರಾಯ ಕೇಳುವ ರೂಢಿ ನಮ್ಮ ಸಾಲೆಯಲ್ಲಿ ಬಿತ್ತು. ಹೆಡ್ ಮಾಸ್ತರರು ಕೂಡ ಒಮ್ಮೆ, "ನೀವು ಸಣ್ಣ ವಯಸ್ಸಿನವ್ರಿದ್ರೂ ಮನಿತನ ತಿಳದವ್ರು," ಅಂದರು. ಆ ಮಾತನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಒದ್ದೆ ಸೆರಗಿನಿಂದ ಹೆಗಲು ಒರೆಸಿಕೊಳ್ಳುತ್ತಿದ್ದಳು. ಸೆರಗು ಯಾಕೆ ಒದ್ದೆಯಾಗಿದೆ ಎಂದು ನಾನು ಕೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಆಕೆ ನಾಲ್ಕು ತಿಂಗಳ ಬಸುರಿ. ಚಳಿಗಾಲದಲ್ಲಿ ಹೆಡ್ ಮಾಸ್ತರರಿಗೆ ಮುಂಜಾನೆ ಕೋಟೆಗೋಡೆಯ ತನಕ ತಿರುಗಾಡಿ ಬರುವ ಚಟ. ಒಂದು ದಿನ ನನ್ನನ್ನೂ ಕರೆದರು. ನಾನು ಸೂರ್ಯ ಹುಟ್ಟಿದ ಮೇಲೆ ಏಳುವವನು. ಅವರು ಕರೆದರೆಂದು ಆ ದಿನ ಬೇಗ ಎದ್ದೆ. ಹೆಂಡತಿ ಮನೆಯಲ್ಲಿ ಕಾಣಲಿಲ್ಲ. ಹಿತ್ತಿಲಲ್ಲಿ ಇರಬಹುದೆಂದುಕೊಂಡು ಹೊರಟೆ. ದಾರಿಯಲ್ಲಿ ಹೆಡ್ ಮಾಸ್ತರರು ತಮ್ಮ ಮನೆಯ ನೀರಿನ ತಾಪತ್ರಯ ಹೇಳಿಕೊಂಡರು. ನಾನು ತಕ್ಷಣ ನಮ್ಮ ಹಿತ್ತಿಲ ಬಾವಿಯ ವಿಚಾರ ತೆಗೆದೆ.

"ನಮ್ಮ ಮನ್ಯಾಗಿನವ್ರು ನೀರಿಗಂತ ಹೊಸ್ತಿಲ ದಾಟಿದವ್ರಲ್ಲರಿ," ಅಂದೆ. "ಮನಿ ಹಿಡಿಯೂ ಮುಂದನ ನಾ ಇದನ್ನೆಲ್ಲಾ ನೋಡಿದ್ದೆ."

ಈ ಮಾತು ಮುಗಿಯುವುದಕ್ಕೂ ದಾರಿ ತಿರುಗುವುದಕ್ಕೂ ಸರಿಹೋಯಿತು. ಮುಂದೆ ಒಂದು ಹಳೆಯ ಬಾವಡಿ, ಸಿಹಿನೀರಿಗೆ ಸುತ್ತಲಿನ ನಾಲ್ಕೈದು ಓಣಿಯವರು ಬರುವ ಜಾಗ. ಮೆಟ್ಟಿಲು ಹತ್ತಿ ಹೆಂಗಸರು ಸಾಲಾಗಿ ಬರುತ್ತಿದ್ದರು. ಮೂರನೆಯವಳು ನನ್ನ ಹೆಂಡತಿ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತಾಮ್ರದ ಕೊಡ, ಸೊಂಟದಲ್ಲಿ ಇನ್ನೊಂದು. ಕೊನೆಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡಳು. ನಮ್ಮ ಮನೆ ಅಲ್ಲಿಂದ ಅರ್ಧ ಮೈಲು.

ಹೆಡ್ ಮಾಸ್ತರರು ಆಕೆಯನ್ನು ಎಂದೂ ನೋಡಿದವರಲ್ಲ. ನಾನು ಓಡಿಹೋಗಿ ಒಂದು ಕೊಡ ಇಸಿದುಕೊಳ್ಳಬಹುದಾಗಿತ್ತು. ಇವಳು ನನ್ನ ಹೆಂಡತಿ, ಈಗ ತಾನೇ ನಾನು ಹೇಳಿದ್ದು ಸುಳ್ಳು ಎನ್ನಬಹುದಾಗಿತ್ತು. ನಾನು ಮಾಡಿದ್ದೇನೆಂದರೆ ಕೊಡೆಯನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡು, ಎದುರಿನ ಬೇವಿನ ಗಿಡದ ಟೊಂಗೆಯನ್ನು ಹೆಡ್ ಮಾಸ್ತರರಿಗೆ ತೋರಿಸಿ, "ಈ ವರ್ಷ ಹೂ ಲಗೂನ ಬರ್ತಾವೇನೋ," ಎಂದೆ. ಅವರು ಗಿಡ ನೋಡಿದರು. ನಾವು ಮುಂದೆ ಹೋದೆವು. ಆಕೆ ನಮ್ಮಿಂದ ಹತ್ತು ಮಾರು ದೂರದಲ್ಲಿ, ಕುತ್ತಿಗೆ ನೆಟ್ಟಗೆ ಹಿಡಿದುಕೊಂಡು ದಾಟಿದಳು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಅಂದು ಊಟಕ್ಕೆ ಕೂತು ಲೆಕ್ಕ ಹಾಕಿದೆ. ಶ್ರಾವಣದಿಂದ ಸಂಕ್ರಾಂತಿಯ ತನಕ ನಾನು ಉಂಡ ಪ್ರತಿ ತುತ್ತಿನ ಬೇಳೆ ಆಕೆ ಹೊತ್ತು ತಂದ ನೀರಿನಲ್ಲಿ ಬೆಂದದ್ದು. ಅದನ್ನು ಆಕೆ ನನ್ನಿಂದ ಮುಚ್ಚಿಟ್ಟಿರಲಿಲ್ಲ. ಅಡಿಗೆಮನೆಯಲ್ಲಿ ಎರಡು ಹಂಡೆ ಬೇರೆಬೇರೆಯಾಗಿಯೇ ಇದ್ದವು, ಒಂದರ ಮೇಲೆ ಬಿಳೀ ಅರಿವೆ ಕಟ್ಟಿತ್ತು. ನಾನು ದಿನಾ ನೀರು ಕುಡಿಯುತ್ತಿದ್ದದ್ದು ಅರಿವೆ ಕಟ್ಟಿದ ಹಂಡೆಯಿಂದಲೇ.

ತಪ್ಪು ತಿಳಿದ ಮೇಲೆ ಮನುಷ್ಯ ಅದನ್ನು ತಿದ್ದಿಕೊಳ್ಳುತ್ತಾನೆ ಎಂದು ಮಕ್ಕಳಿಗೆ ಪಾಠದಲ್ಲಿ ಹೇಳುತ್ತಿದ್ದೆ. ನನಗೆ ಅದು ಅಷ್ಟು ಸುಲಭವಾಗಲಿಲ್ಲ. ಮಾಲಕರಿಗೆ ಒಂದು ವರ್ಷದ ಮಾತು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಮನೆಯನ್ನು ಸಾಲೆಯಲ್ಲೆಲ್ಲ ಹೊಗಳಿದ್ದೆ. ಮನೆ ಬಿಡುವುದೆಂದರೆ ಬೇಳೆ, ಗಡಿಗೆ, ಕಾಗದ ಎಲ್ಲದರ ಬಗ್ಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು. ಆದ್ದರಿಂದ ನಾನೇ ನೀರು ತರುತ್ತೇನೆ ಎಂದು ಒಂದು ದಿನ ಮುಂಜಾನೆ ಕೊಡ ಎತ್ತಿಕೊಂಡೆ. ಹೆಂಡತಿ, "ಬ್ಯಾಡ್ರಿ, ನಿಮಗ ಆಗೂದಿಲ್ಲ," ಅಂದಳು. ಆಗುತ್ತದೆ ಎಂದು ಹೋದೆ. ಹೆಂಗಸರ ನಡುವೆ ಟೊಪ್ಪಿಗೆ ಹಾಕಿಕೊಂಡ ಮಾಸ್ತರನನ್ನು ನೋಡಿ ಅವರು ದಾರಿ ಬಿಟ್ಟುಕೊಟ್ಟರು, ಸರತಿಯನ್ನೂ ಬಿಟ್ಟುಕೊಟ್ಟರು. ಕೊಡ ಹೆಗಲ ಮೇಲೆ ಇಟ್ಟುಕೊಂಡು ಬಂದೆ. ಮನೆ ಮುಟ್ಟುವಾಗ ಅರ್ಧ ಕೊಡ ನೀರು ನನ್ನ ಅಂಗಿಯಲ್ಲಿತ್ತು. ಎರಡನೆಯ ದಿನ ಧೋತರದ ಅಂಚು ಕಾಲಿಗೆ ತೊಡರಿ ಮೆಟ್ಟಿಲ ಮೇಲೆ ಬಿದ್ದೆ. ಕೊಡಕ್ಕೆ ನೆಗ್ಗು ಬಿತ್ತು. ಮೂರನೆಯ ದಿನ ಹೆಗಲು ನೋಯುತ್ತಿದೆ ಎಂದು ಮಲಗಿದೆ. ನೋಯುತ್ತಿದ್ದದ್ದು ನಿಜ, ಆದರೆ ಏಳಲಾರದಷ್ಟು ನೋಯುತ್ತಿರಲಿಲ್ಲ. ಆಕೆ ನೆಗ್ಗಿದ ಕೊಡ ತೆಗೆದುಕೊಂಡು ಸುಮ್ಮನೆ ಹೋದಳು.

ಮತ್ತೆ ವಿಚಾರ ಮಾಡಿದೆ. ಈ ಸಲ ಹೊಳೆದದ್ದು: ತಿಕೋಟಾದಿಂದ ಅವ್ವನನ್ನು ಕರೆತರುವುದು. ಬಸುರಿಗೆ ಜೊತೆಯಾಯಿತು, ಕೆಲಸಕ್ಕೆ ಕೈಯಾಯಿತು. ಬಾವಡಿಗೆ ಹೋಗುವ ಹೆಂಗಸು ಒಬ್ಬಳಿದ್ದಲ್ಲಿ ಇಬ್ಬರಾಗುತ್ತಾರೆ, ನನ್ನ ಕಿಡಕಿಯೂ ಉಳಿಯುತ್ತದೆ. ಇದನ್ನು ಆಗ ನಾನು ಇಷ್ಟು ಬಿಡಿಸಿ ಯೋಚಿಸಿದ್ದೆನೋ ಇಲ್ಲವೋ, ಮಾಡಿದ್ದು ಮಾತ್ರ ಇದನ್ನೇ.

ಅವ್ವ ಬಂದಳು. ಟಾಂಗಾದಿಂದ ಇಳಿದವಳು ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಬಾವಿಯ ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿದಳು. ನನ್ನ ಕಡೆ ತಿರುಗಿ ಕೇಳಿದಳು:

"ಈ ಮನಿ ಹಿಡದ ಶ್ಯಾಣ್ಯಾ ಯಾರೋ ತಮ್ಮಾ?"

"ನಾನ ಬೇ."

"ಅಲ್ಲ, ನೀ ಒಬ್ಬನ ಇಷ್ಟು ಮಾಡಿರಾಕಿಲ್ಲ. ಜೋಡಿ ಯಾರ ಇದ್ರು?"

ಯಾರೂ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅವ್ವ ಸೊಸೆಯ ಮುಖ ನೋಡಿದಳು, ನೆಗ್ಗಿದ ಕೊಡ ನೋಡಿದಳು, ಎರಡು ಹಂಡೆ ನೋಡಿದಳು. ನಾನು ಮೇಲಿನ ಕೋಣೆ ತೋರಿಸುತ್ತೇನೆ ಬಾ ಎಂದರೆ, ಮೊಣಕಾಲು ನೋವು, ಹತ್ತಲಾರೆ ಎಂದಳು. ಮರುದಿನ ಅದೇ ಮೊಣಕಾಲಿನಲ್ಲಿ ಬಾವಡಿಯ ನಲವತ್ತು ಮೆಟ್ಟಿಲು ಇಳಿದು ಹತ್ತಿ ಬಂದಳು.

ಆ ದಿನದಿಂದ ಅತ್ತೆ ಸೊಸೆ ಒಟ್ಟಿಗೆ ನೀರಿಗೆ ಹೋಗತೊಡಗಿದರು. ಹೋಗಿ ಬರಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಲ್ಲಿ ಬೇರೆ ಹೆಂಗಸರ ಜೊತೆ ಮಾತಿಗೆ ನಿಲ್ಲುತ್ತಾರೆ ಎಂದು ನನಗೆ ಸ್ವಲ್ಪ ಬೇಸರವೂ ಆಯಿತು. ಹೊತ್ತನ್ನು ಹಾಳು ಮಾಡಬಾರದು ಎಂದು ಒಮ್ಮೆ ಹೇಳಿದೆ. ಅವ್ವ, "ಆತಪಾ," ಅಂದಳು.

ಹೋಳಿಯ ಹೊತ್ತಿಗೆ ಬಬಲೇಶ್ವರದ ಸಾಲೆಯಲ್ಲಿ ಪರೀಕ್ಷೆ ತೆಗೆದುಕೊಳ್ಳಲು ನನ್ನನ್ನು ಎರಡು ದಿನಕ್ಕೆ ಕಳಿಸಿದರು. ಇಳಿದುಕೊಂಡದ್ದು ಮಾವನ ಮನೆಯಲ್ಲಿಯೇ. ಅಳಿಯನ ಉಪಚಾರ ಅಲ್ಲಿ ಯಾವಾಗಲೂ ಜೋರು, ಈ ಸಲ ಇನ್ನೂ ಜೋರಾಗಿತ್ತು. ಎರಡನೆಯ ದಿನ ಮಧ್ಯಾಹ್ನಕ್ಕೆ ನನ್ನ ಕೆಲಸ ಮುಗಿಯಿತು, ಹೊರಡುತ್ತೇನೆ ಎಂದೆ. ಮಾವನವರು ಬಿಡಲಿಲ್ಲ. ಹೋಳಿಗೆ ಮಾಡಿದ್ದಾರೆ, ನಾಳೆ ಮುಂಜಾನೆ ಹೋಗಿರಿ ಎಂದರು. ಹಿತ್ತಿಲಲ್ಲಿ ಅವರ ಚಕ್ಕಡಿ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಮಾತಿಗೆಂದು ಕೇಳಿದೆ:

"ಮಾವಾರ, ಚಕ್ಕಡಿ ಕಾಣವಲ್ದು?"

"ವಿಜಾಪುರಕ್ಕ ಹೋಗೇತಿ," ಅಂದರು. "ಸಾಮಾನ ಹೇರಾಕ."

"ಏನ್ ಸಾಮಾನ್ರಿ?"

"ಮನಿ ಸಾಮಾನ," ಅಂದು ಇನ್ನೊಂದು ಹೋಳಿಗೆ ನನ್ನ ತಾಟಿಗೆ ಹಾಕಿಸಿದರು.

ಮರುದಿನ ಇದ್ದಿಲ ಮೋಟಾರಿನಲ್ಲಿ ಕುಲುಕಾಡುತ್ತ ವಿಜಾಪುರ ಮುಟ್ಟಿದೆ. ಮನೆಯ ಬಾಗಿಲಿಗೆ ಬೀಗ. ಬಸುರಿ ಹೆಂಡತಿಗೆ ಏನಾದರೂ ಆಗಿ ಅವ್ವ ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದಾಳೋ ಎಂದು ಓಣಿಯ ಆಚೆ ಈಚೆ ನೋಡಿದೆ. ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯಾಕ್ರಿ ಮಾಸ್ತರ, ಏನ್ ಬಿಟ್ಟ ಹೋಗಿದ್ರಿ?" ಅಂದಳು.

"ನಮ್ಮ ಮನ್ಯಾಗಿನವ್ರು ಎಲ್ಲೆ ಹೋಗ್ಯಾರಬೇ?"

ಆಕೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನೀವು ನಿನ್ನೆ ಮನಿ ಬಿಟ್ಟೀರಿ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು, ಮರೆತಿದ್ದೆ ಎಂದು ಹೇಳಿದೆ. ಇಷ್ಟು ದೊಡ್ಡ ಸಂಗತಿಯನ್ನು ಮರೆತ ಮನುಷ್ಯನಿಗೆ ದಾರಿ ಹೇಳಬೇಕೆಂದು ಆಕೆಗೇ ಅನಿಸಿರಬೇಕು. ಬಾವಡಿಯ ಹಿಂದಿನ ಓಣಿ, ಗೌಳಿಗರ ಮನೆಗಳ ಆಚೆ, ಬಾರೀಗಿಡದ ಬಾಜೂಕ ಎಂದು ಗುರುತು ಹೇಳಿದಳು.

ಹುಡುಕಿಕೊಂಡು ಹೋದೆ. ಗಿಡ್ಡ ಗೋಡೆಯ ಸಣ್ಣ ಮನೆ. ಒಳಗೆ ಹೋಗುವಾಗ ಬಾಗಿಲ ಮೇಲಿನ ಕಟ್ಟಿಗೆ ಹಣೆಗೆ ಬಡಿದು ಟೊಪ್ಪಿಗೆ ಹೊರಗೇ ಉಳಿಯಿತು. ಮಾವನವರ ಚಕ್ಕಡಿ ಬಾರೀಗಿಡದ ಕೆಳಗೆ ನಿಂತಿತ್ತು, ಎತ್ತುಗಳು ಮೇವು ತಿನ್ನುತ್ತಿದ್ದವು. ಪಡಸಾಲೆಯಲ್ಲಿ ಎಲ್ಲ ಸಾಮಾನು ಜೋಡಿಸಿ ಆಗಿತ್ತು, ನನ್ನ ಪುಸ್ತಕಗಳನ್ನು ಜೋಳದ ಚೀಲದ ಮೇಲೆ ಒಪ್ಪವಾಗಿ ಇಟ್ಟಿದ್ದರು. ಬಾವಡಿ ಮೂವತ್ತು ಹೆಜ್ಜೆ. ಈ ಮನೆ ಖಾಲಿಯಾಗುತ್ತದೆಂದು ಅವರಿಗೆ ತಿಳಿದದ್ದು ಬಾವಡಿಯ ಮೆಟ್ಟಿಲ ಮೇಲೆ. ನಾನು ಹೊತ್ತು ಹಾಳು ಎಂದಿದ್ದೆನಲ್ಲ, ಆ ಹೊತ್ತಿನಲ್ಲಿ.

ನಾನು ಕೂತು, ಹಣೆ ಒರೆಸಿಕೊಂಡು, ಆದಷ್ಟು ಗಂಭೀರವಾಗಿ ಹೇಳಿದೆ: "ನಾನೂ ಮನಿ ಬದಲ ಮಾಡಬೇಕಂತ ವಿಚಾರ ಮಾಡಾಕತ್ತಿದ್ದೆ."

"ಹೌದಪಾ," ಅಂದಳು ಅವ್ವ. "ನೀ ವಿಚಾರ ಮಾಡೂದ್ರಾಗ ನಾವು ಸಾಮಾನ ಹಚ್ಚಿದ್ವಿ. ಏಳು, ಕೈ ತೊಳಕೊ."

ಮಾಲಕರಿಗೆ ಮುಖ ತೋರಿಸುವುದೊಂದು ಉಳಿದಿತ್ತು. ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಅವರು ನನಗೆ ಮಾತಾಡಲು ಬಿಡದೆ ಎದ್ದು ನಿಂತು, "ಇರ್ಲಿ ಬಿಡ್ರಿ ಮಾಸ್ತರ, ನಿಮ್ಮ ತಾಯಿಯವ್ರು ಬಂದಿದ್ರು," ಅಂದರು. ಅವ್ವ ಅವರಿಗೆ ಏನು ಹೇಳಿದ್ದಳೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ದಾರಿಯಲ್ಲಿ ಸಿಕ್ಕಾಗೆಲ್ಲ ಅವರು ಅವ್ವನ ಆರೋಗ್ಯವನ್ನೇ ಮೊದಲು ಕೇಳುತ್ತಿದ್ದರು.

ಆ ಯುಗಾದಿಯ ನಂತರ ಹೆಂಡತಿಯನ್ನು ಏಳನೇ ತಿಂಗಳ ಕುಬುಸಕ್ಕೆ, ಬಾಣಂತನಕ್ಕೆ ತವರಿಗೆ ಕರೆದುಕೊಂಡು ಹೋದರು. ಹೊರಡುವ ಹಿಂದಿನ ದಿನ ಸಂಜೆ ಅವ್ವ ಹೊರಗೆ ಹೋಗಿದ್ದಳು, ನಾವಿಬ್ಬರೇ ಇದ್ದೆವು. ಮೂರು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿದೆ. ಸಂಕ್ರಾಂತಿಯ ಹೊತ್ತಿನಲ್ಲಿ ಒಂದು ಮುಂಜಾನೆ ನಿನ್ನನ್ನು ಬಾವಡಿಯ ಹತ್ತಿರ ನೋಡಿದ್ದೆ, ನೋಡಿಯೂ ನೋಡದವನಂತೆ ಹೋದೆ ಎಂದೆ.

ಆಕೆ ತನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದಳು. "ಗೊತ್ತೈತ್ರಿ," ಅಂದಳು. "ನಿಮ್ಮ ಅಂಗಿ ನಾನ ಒಗದಿದ್ದೆ. ನನಗ ಗುರ್ತು ಸಿಗೂದಿಲ್ಲೇನು?"

"ಮತ್ತ ಯಾಕ ಕರೀಲಿಲ್ಲ?"

"ತಲೀ ಮ್ಯಾಲ ಕೊಡ ಇತ್ತು. ಒದರಿದ್ರ ನೀರು ತುಳಕತಿದ್ದು." ಗಂಟು ಬಿಗಿದು ಅಂದಳು: "ಅವತ್ತು ಸಿಟ್ಟು ಬಂದಿತ್ತು. ಮನೀಗಿ ಬಂದು ನಿಮ್ಮ ಬ್ಯಾಳಿಗಿ ಸವಳ ನೀರ ಹಾಕಬೇಕಂತ ಮಾಡಿದ್ದೆ."

"ಹಾಕಲಿಲ್ಲಲಾ."

"ನನಗೂ ಉಣ್ಣೂದಿತ್ತಲ್ರಿ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಅನುಕೂಲವನ್ನು ಆಕೆ ನನಗೆ ಮಾಡಿಕೊಡಲಿಲ್ಲ.

ಮಗಳು ಹುಟ್ಟಿದಳು. ಯುದ್ಧ ಮುಗಿಯಿತು, ಮೋಟಾರುಗಳು ಇದ್ದಿಲು ಬಿಟ್ಟು ಮತ್ತೆ ಪೆಟ್ರೋಲಿನ ಮೇಲೆ ಓಡಿದವು, ಸ್ವರಾಜ್ಯ ಬಂತು. ಮಗಳು ಸಾಲೆಗೆ ಹೋಗುವಷ್ಟು ದೊಡ್ಡವಳಾದ ವರ್ಷ ನನಗೆ ಬಡ್ತಿಯ ಕಾಗದ ಬಂತು: ಬಬಲೇಶ್ವರದ ಸಾಲೆಗೆ ಹೆಡ್ ಮಾಸ್ತರನಾಗಿ ಹೋಗಬೇಕು, ಒಪ್ಪಿಗೆ ಇದ್ದರೆ ಎಂಟು ದಿನದಲ್ಲಿ ತಿಳಿಸಬೇಕು. ನಾನು ಅಲ್ಲೇ ಸಾಲೆಯಲ್ಲಿ ಕೂತು ಒಪ್ಪಿಗೆ ಬರೆದೆ. ಹೆಂಡತಿಗೆ ತನ್ನ ಊರು, ತನ್ನ ತಾಯಿ ತಂದೆ, ತನ್ನ ಗೆಳತಿಯರು. ಇಷ್ಟು ವರ್ಷದ ಸಾಲವೆಲ್ಲ ಒಂದೇ ಏಟಿಗೆ ತೀರಿಸಿದಂತಾಗುತ್ತದೆ, ಮನೆಗೆ ಹೋಗಿ ಹೇಳಿದರೆ ಆಕೆಯ ಮುಖ ಹೇಗೆ ಅರಳಬಹುದು ಎಂದು ದಾರಿಯುದ್ದಕ್ಕೂ ನೆನೆಸಿಕೊಂಡು ನಡೆದೆ. ಆ ಒಪ್ಪಿಗೆಯನ್ನು ಟಪಾಲಿಗೆ ಹಾಕದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡದ್ದು ಬುದ್ಧಿಯಿಂದಲ್ಲ. ಅಂಚೆಪೆಟ್ಟಿಗೆಯ ಮುಂದೆ ಒಂದು ಎಮ್ಮೆ ಮಲಗಿತ್ತು.

ಮನೆಗೆ ಬಂದೆ. ಆಕೆ ಪಡಸಾಲೆಯಲ್ಲಿ ಕಾಳು ಹಸನ ಮಾಡುತ್ತಿದ್ದಳು. ಯಾಕೋ ಏನೋ, ಹೇಳಬೇಕೆಂದು ಬಾಯಿ ತೆರೆದವನು ಕೇಳಿಬಿಟ್ಟೆ: "ಬಬಲೇಶ್ವರಕ್ಕ ಹೆಡ್ ಮಾಸ್ತರ ಮಾಡಿ ಕಳಸ್ತಾರಂತ. ಏನ್ ಮಾಡೂಣು?"

ಆಕೆ ಮೊರವನ್ನು ಕೆಳಗಿಟ್ಟಳು. ಎದ್ದು ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಜ್ವರಾ ಇಲ್ಲ," ಅಂದೆ. "ಖರೇನ ಕೇಳಾಕತ್ತೇನಿ."

ಕೂತಳು. ಮತ್ತೆ ಮೊರ ಎತ್ತಿಕೊಂಡಳು. "ನಾ ಒಲ್ಲೆರಿ," ಅಂದಳು.

ನನಗೆ ನಂಬಲಾಗಲಿಲ್ಲ. "ನಿನ್ನ ತವರಲಾ ಅದು."

"ಅದಕ್ಕ ಒಲ್ಲೆ. ಅಲ್ಲೆ ನೀವು ಒಬ್ಬ ಹುಡುಗಗ ಬಡದ್ರ, ಅವನ ತಾಯಿ ನಮ್ಮವ್ವನ ಮುಂದ ಬಂದು ಅಳ್ತಾಳ. ನಮ್ಮಪ್ಪನ ಮಂದಿ ಎಲ್ಲಾ ತಮ್ಮ ಹುಡುಗುರನ್ನ ಪಾಸ ಮಾಡ್ರಿ ಅಂತ ನಮ್ಮ ಮನೀಗಿ ಬರ್ತಾರ. ನೀವು ಆಗೂದಿಲ್ಲ ಅಂದ್ರ ನಾ ಕೆಟ್ಟಾಕಿ, ಆಗ್ಲಿ ಅಂದ್ರ ನೀವು ಕೆಟ್ಟಾವ್ರು. ಮತ್ತ..." ಒಂದು ಹರಳು ತೆಗೆದು ಅಂಗಳಕ್ಕೆ ಎಸೆದಳು. "ತವರಮನಿ ದೂರ ಇದ್ರ ವರ್ಷಕ್ಕ ಒಮ್ಮೆ ಹೋಗಿ ಬರ್ಬಹುದು. ಬಾಜೂಕ ಇದ್ರ ಎಲ್ಲಿಗಿ ಹೋಗ್ಲಿರಿ ನಾ?"

ಇದರಲ್ಲಿ ಒಂದು ಮಾತೂ ನನ್ನ ತಲೆಗೆ ಹೊಳೆದಿರಲಿಲ್ಲ. ಕಿಸೆಯಲ್ಲಿದ್ದ ಒಪ್ಪಿಗೆಯ ಬಗ್ಗೆ ಆಕೆಗೆ ಹೇಳಲಿಲ್ಲ. ಮರುದಿನ ಸಾಲೆಯಲ್ಲಿ ಅದನ್ನು ಹರಿದು, ಬೇಡವೆಂದು ಬರೆದುಕೊಟ್ಟೆ. ಮೇಲಿನ ಅಧಿಕಾರಿಗಳು ಕರೆಸಿ ಕಾರಣ ಕೇಳಿದರು. ಏನಾದರೂ ತೂಕದ ಕಾರಣ ಹೇಳಬಹುದಾಗಿತ್ತು, ತಾಯಿಯ ಅನಾರೋಗ್ಯ, ಮಗಳ ವಿದ್ಯಾಭ್ಯಾಸ ಎಂದು. ಬಾಯಿಂದ ಬಂದದ್ದು, "ಮನ್ಯಾಗ ಕೇಳಿದ್ನಿರಿ, ಬ್ಯಾಡ ಅಂದ್ರು," ಎಂದು. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು.

ಆ ಮಾತು ಎರಡು ದಿನದಲ್ಲಿ ಎಲ್ಲ ಸಾಲೆಗಳಿಗೂ ಮುಟ್ಟಿತು. ಹೆಂಡತಿಯನ್ನು ಕೇಳುವ ಮಾಸ್ತರ ಎಂದು ನನಗೆ ಹೆಸರಾಯಿತು. ಮಾಸ್ತರರ ಕೋಣೆಯಲ್ಲಿ ಚಹಾ ಬಂದರೆ, "ಕುಡೀಲೋ ಬ್ಯಾಡೋ, ಮನ್ಯಾಗ ಕೇಳಿ ಬರ್ರಿ," ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಿವೃತ್ತಿಯ ತನಕ ಆ ಹೆಸರು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಸಲ್ಲಬೇಕಾದ ಹೆಸರೂ ಅಲ್ಲ. ಆಮೇಲಿನ ವರ್ಷಗಳಲ್ಲಿಯೂ ನಾನು ಕೇಳಿದ್ದು ಎರಡಕ್ಕೆ ಒಂದು ಸಲ ಇರಬಹುದು. ಕೇಳದೆ ಬಿಟ್ಟ ಸಲ ಏನೇನಾಯಿತು ಎಂಬುದನ್ನು ಆಕೆ ಇನ್ನೂ ಮರೆತಿಲ್ಲ. ನಾನು ಬರೆಯಲು ಕೂತಿದ್ದೇನೆ ಎಂದು ತಿಳಿದು, ಒಳಗಿನಿಂದಲೇ ಒಂದೊಂದಾಗಿ ನೆನಪು ಮಾಡಿಕೊಡುತ್ತಿದ್ದಾಳೆ.